ಸಮ್ಮೇಳನದ ಖರ್ಚನ್ನು ಯಾರು ಕೊಡುತ್ತಾರೆ, ಯಾವಾಗ ಕೊಡುತ್ತಾರೆ?

ಪ್ರಶ್ನೆ: ನಾನು ಬಾಗಲಕೋಟೆಯವಳು. ಪುಣೆಯ ಸಂಶೋಧನಾ ಸಂಸ್ಥೆಯೊಂದರಲ್ಲಿ ಪಿಎಚ್‌ಡಿಯ ಮೂರನೆಯ ವರ್ಷದಲ್ಲಿದ್ದೇನೆ. ಪಶ್ಚಿಮ ಘಟ್ಟದ ಮುಂಗಾರು ಮಳೆಯ ಹನಿಗಳ ಗಾತ್ರ ನನ್ನ ವಿಷಯ. ಮುಂದಿನ ವರ್ಷ ವಿಯೆನ್ನಾದಲ್ಲಿ ನಡೆಯುವ ಯುರೋಪಿಯನ್ ಜಿಯೋಸೈನ್ಸಸ್ ಯೂನಿಯನ್ನಿನ ಮಹಾಸಭೆಗೆ ನನ್ನ ಕೆಲಸವನ್ನು ವಿವರಿಸುವ ಪೋಸ್ಟರ್ ಒಯ್ಯಬೇಕೆಂದು ಗೈಡ್ ಹೇಳಿದ್ದಾರೆ. ಲೆಕ್ಕ ಹಾಕಿದೆ: ವಿಮಾನಕ್ಕೆ 72,000, ನೋಂದಣಿ ಮತ್ತು ಮೊದಲೇ ಕಳುಹಿಸಬೇಕಾದ ಸಂಶೋಧನಾ ಸಾರಾಂಶದ ಶುಲ್ಕ 40,000, ಆರು ರಾತ್ರಿಯ ವಸತಿ ಮತ್ತು ಊಟಕ್ಕೆ 45,000, ವೀಸಾ ಮತ್ತು ವಿಮೆಗೆ 14,000, ಒಟ್ಟು 1,71,000 ರೂಪಾಯಿ. ಟ್ರಾವೆಲ್ ಗ್ರಾಂಟ್ ಎಂಬುದು ಬಹಳ ಜಾಣರಿಗೆ ಮಾತ್ರ ಸಿಗುತ್ತದೆಯೇ? ನನ್ನದಿನ್ನೂ ಒಂದೇ ಪ್ರಬಂಧ ಪ್ರಕಟವಾಗಿದೆ. ಅಪ್ಪ ‘ಸೊಸೈಟ್ಯಾಗ ಸಾಲಾ ತಗದು ಕೊಡತೀನಿ, ಹೋಗಿ ಬಾ’ ಅನ್ನುತ್ತಾರೆ. ಎಲ್ಲಿ ಅರ್ಜಿ ಹಾಕಲಿ?

ಉತ್ತರ: ಎಲ್ಲಿ ಎಂದು ಕೇಳಿದ್ದೀರಿ. ಅದನ್ನು ಹೇಳುತ್ತೇನೆ, ಆದರೆ ಅದಕ್ಕೂ ಮೊದಲು ಯಾವಾಗ ಎಂಬುದನ್ನು ಹೇಳಬೇಕಾಗಿದೆ, ಏಕೆಂದರೆ ಪ್ರಯಾಣ ಅನುದಾನದ ವಿಷಯದಲ್ಲಿ ಹುಡುಗರು ಎಡವುವುದು ಅಲ್ಲಿಯೇ. ಇಂಥ ಅರ್ಜಿಗಳನ್ನು ಪರಿಶೀಲಿಸುವ ಸಮಿತಿಗಳಲ್ಲಿ ಹಲವು ವರ್ಷ ಕುಳಿತವನು ನಾನು. ವಿಜ್ಞಾನ ಸಪ್ಪೆಯಾಗಿದೆ ಎಂಬ ಕಾರಣಕ್ಕೆ ನಾವು ಪಕ್ಕಕ್ಕಿಟ್ಟ ಅರ್ಜಿಗಳು ಕಡಿಮೆ. ಗಡುವು ಮೀರಿ ಬಂದವು, ಸಮ್ಮೇಳನದವರ ಸ್ವೀಕೃತಿ ಪತ್ರವಿಲ್ಲದೆ ಬಂದವು, ಖರ್ಚಿನ ಪಟ್ಟಿಯಲ್ಲಿ ‘ಒಟ್ಟು ಎರಡು ಲಕ್ಷ’ ಎಂದಷ್ಟೇ ಬರೆದುಕೊಂಡು ಬಂದವು ಹೆಚ್ಚು. ಒಂದೇ ಪ್ರಬಂಧವಿದೆ ಎಂದು ಅಳುಕಬೇಡಿ. ಮೂರನೆಯ ವರ್ಷದ ವಿದ್ಯಾರ್ಥಿಯಿಂದ ಯಾವ ಸಮಿತಿಯೂ ಪ್ರಬಂಧಗಳ ರಾಶಿಯನ್ನು ಬಯಸುವುದಿಲ್ಲ.

ನಿಮ್ಮ ಸಮ್ಮೇಳನವನ್ನೇ ತೆಗೆದುಕೊಳ್ಳಿ. ಆ ಮಹಾಸಭೆ ನಡೆಯುವುದು ಏಪ್ರಿಲ್ ಅಥವಾ ಮೇ ತಿಂಗಳಲ್ಲಿ, ಸಾರಾಂಶ ಸಲ್ಲಿಸುವ ಸಾಮಾನ್ಯ ಗಡುವು ಬೀಳುವುದು ಜನವರಿಯಲ್ಲಿ. ಎಲ್ಲರ ಕಣ್ಣೂ ಈ ಜನವರಿಯ ಮೇಲೆಯೇ ನೆಟ್ಟಿರುತ್ತದೆ. ಆದರೆ ಯೂನಿಯನ್ ತಾನೇ ಕೊಡುವ ರೋಲಾಂಡ್ ಶ್ಲಿಷ್ ಹೆಸರಿನ ಪ್ರಯಾಣ ನೆರವು ಬೇಕಾದವರು ಸಾರಾಂಶವನ್ನು ಅದಕ್ಕಿಂತ ಮುಂಚೆ, ಡಿಸೆಂಬರ್ ಆರಂಭದ ಹೊತ್ತಿಗೇ, ನೆರವಿನ ಅರ್ಜಿಯೊಂದಿಗೆ ಸಲ್ಲಿಸಬೇಕು. ಜನವರಿಯಲ್ಲಿ ಎಷ್ಟೇ ಒಳ್ಳೆಯ ಸಾರಾಂಶ ಕಳುಹಿಸಿದರೂ ಆ ಬಾಗಿಲು ಆಗಲೇ ಮುಚ್ಚಿರುತ್ತದೆ. ನನಗೆ ಗೊತ್ತಿರುವ ಪುಣೆಯ ಹುಡುಗರಲ್ಲಿ ಈ ನೆರವು ತಪ್ಪಿಸಿಕೊಂಡವರು ಬಹುತೇಕ ಹೀಗೆಯೇ ತಪ್ಪಿಸಿಕೊಂಡರು: ಗೈಡ್ ಡಿಸೆಂಬರಿನಲ್ಲಿ ಊರಲ್ಲಿರಲಿಲ್ಲ, ಸಾರಾಂಶದ ಮೇಲೆ ಕಣ್ಣಾಡಿಸಲು ಅವರಿಗೆ ಬಿಡುವಾದದ್ದು ಸಂಕ್ರಾಂತಿಯ ಸುಮಾರಿಗೆ. ಆದ್ದರಿಂದ ದೀಪಾವಳಿಯ ರಜೆಗೆ ಬಾಗಲಕೋಟೆಗೆ ಹೋಗುವ ಮುನ್ನವೇ ಸಾರಾಂಶದ ಮೊದಲ ಕರಡು ನಿಮ್ಮ ಗೈಡ್ ಕೈಯಲ್ಲಿರಲಿ. ಈ ನೆರವು ಸಿಕ್ಕರೆ ನೋಂದಣಿ ಮತ್ತು ಸಾರಾಂಶದ ಶುಲ್ಕಗಳಲ್ಲಿ ವಿನಾಯಿತಿಯೂ ಪ್ರಯಾಣಕ್ಕೆ ಒಂದು ಮಿತಿಯವರೆಗಿನ ಹಣವೂ ದೊರೆಯಬಹುದು. ಅಂದರೆ ನಿಮ್ಮ ಪಟ್ಟಿಯ 40,000ದ ಸಾಲು ಅಳಿಸಿಹೋಗಿ ವಿಮಾನದ ಸಾಲೂ ತುಸು ಹಗುರಾಗಬಹುದು. ಸಮ್ಮೇಳನ ನಡೆಸುವವರ ಬಳಿ ಮೊದಲು ಕೇಳಬೇಕೆಂದು ನಾನು ಎಲ್ಲರಿಗೂ ಹೇಳುವುದು ಇದಕ್ಕಾಗಿ. ಶುಲ್ಕ ಮನ್ನಾ ಮಾಡುವುದು ಅವರಿಗೆ ಸುಲಭ, ಅವರ ಜೇಬಿನಿಂದ ಹೊಸದಾಗಿ ಏನೂ ಹೋಗುವುದಿಲ್ಲ.

ಭಾರತದ ಸರ್ಕಾರಿ ಅನುದಾನಗಳ ಕಥೆ ಬೇರೆ. ಅವು ಸಾಮಾನ್ಯವಾಗಿ ಸಾರಾಂಶ ಸ್ವೀಕೃತವಾದ ಪತ್ರವನ್ನು ಕೇಳುತ್ತವೆ, ಆ ಪತ್ರ ಬಂದ ಮೇಲೂ ಸಮಿತಿ ಸೇರಿ ತೀರ್ಮಾನಿಸಲು ವಾರಗಳು ಬೇಕಾಗುತ್ತವೆ. ದೊಡ್ಡ ಸಮ್ಮೇಳನಗಳಲ್ಲಿ ಸ್ವೀಕೃತಿ ಕೈಗೆ ಬರುವ ಹೊತ್ತಿಗೆ ಹೊರಡಲು ಉಳಿದಿರುವುದೂ ಕೆಲವೇ ವಾರ. ಈ ಇಕ್ಕಟ್ಟಿನಿಂದ ಪಾರಾಗಲು ಇರುವುದು ಒಂದೇ ಉಪಾಯ: ಸ್ವೀಕೃತಿ ಪತ್ರವೊಂದನ್ನು ಬಿಟ್ಟು ಉಳಿದ ಎಲ್ಲ ಕಾಗದಗಳನ್ನು, ಅಂದರೆ ಗೈಡ್ ಶಿಫಾರಸು, ಸಂಸ್ಥೆಯ ಮುಖ್ಯಸ್ಥರ ಸಹಿಯಿರುವ ಒಪ್ಪಿಗೆ, ಜನ್ಮದಿನಾಂಕದ ದಾಖಲೆ, ಖರ್ಚಿನ ಪಟ್ಟಿ, ವಿದೇಶಕ್ಕೆ ಹೋಗಲು ನಿಮ್ಮ ಸಂಸ್ಥೆ ಕೊಡಬೇಕಾದ ಅನುಮತಿ, ಇಷ್ಟನ್ನೂ ಮೊದಲೇ ಸಿದ್ಧಮಾಡಿಕೊಂಡು, ಪತ್ರ ಬಂದ ಸಂಜೆಯೇ ಅರ್ಜಿ ಸಲ್ಲಿಸುವುದು. ಸಂಸ್ಥೆಯ ಮುಖ್ಯಸ್ಥರ ಸಹಿಗೆ ಒಂದು ದಿನ ಸಾಕು ಎಂದುಕೊಂಡಿದ್ದರೆ ನಿಮಗೆ ನಮ್ಮ ಕಚೇರಿಗಳ ಅನುಭವ ಇನ್ನೂ ಆಗಿಲ್ಲ ಎಂದರ್ಥ.

ಈ ಬಗೆಯ ನೆರವಿನಲ್ಲಿ ಎಲ್ಲ ವಿಜ್ಞಾನಗಳಿಗೂ ತೆರೆದಿದ್ದ, ಎಲ್ಲರ ಬಾಯಲ್ಲೂ ಇರುವ ಯೋಜನೆಯೆಂದರೆ ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿಯ, ಅಂದರೆ ಎಸ್‌ಇಆರ್‌ಬಿಯ, ಅಂತರರಾಷ್ಟ್ರೀಯ ಪ್ರಯಾಣ ಬೆಂಬಲ. ಅದರಲ್ಲಿ 35 ವರ್ಷ ಮೀರದವರನ್ನು ಯುವ ವಿಜ್ಞಾನಿಗಳ ಗುಂಪಿಗೆ ಸೇರಿಸಿ ಎಕಾನಮಿ ದರ್ಜೆಯ ವಿಮಾನ ದರ, ನೋಂದಣಿ ಶುಲ್ಕ, ವೀಸಾ ಶುಲ್ಕಗಳನ್ನು ಕೊಡುತ್ತಿದ್ದರು. 2023ರ ಕಾಯ್ದೆಯ ಮೂಲಕ ಎಸ್‌ಇಆರ್‌ಬಿ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದೊಳಗೆ ವಿಲೀನವಾಗಿದೆ. ಆದ್ದರಿಂದ ಲ್ಯಾಬಿನ ಸೀನಿಯರ್ ಕಳುಹಿಸಿದ ಹಳೆಯ ಪಿಡಿಎಫ್ ನಂಬಿ ಅರ್ಜಿ ತುಂಬಬೇಡಿ. ಪ್ರತಿಷ್ಠಾನದ ಪೋರ್ಟಲ್‌ನಲ್ಲಿ ಈ ವರ್ಷದ ಪ್ರಕಟಣೆ ತೆರೆದಿದೆಯೇ, ವಯಸ್ಸನ್ನು ಯಾವ ದಿನಾಂಕಕ್ಕೆ ಎಣಿಸುತ್ತಾರೆ, ಯಾವ ಬಾಬ್ತಿಗೆ ಕೊಡುತ್ತಾರೆ ಎಂಬುದನ್ನು ಅಲ್ಲಿಯೇ ಓದಿಕೊಳ್ಳಿ. ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಪರಿಷತ್ತಿನ (ಸಿಎಸ್‌ಐಆರ್) ಮಾನವ ಸಂಪನ್ಮೂಲ ಅಭಿವೃದ್ಧಿ ವಿಭಾಗವೂ ಯುವ ಸಂಶೋಧಕರಿಗೆ ವಿದೇಶ ಪ್ರಯಾಣದ ನೆರವು ಕೊಡುತ್ತ ಬಂದಿದೆ. ಎರಡನ್ನೂ ನೋಡಿ.

ಇಲ್ಲಿ ‘ಯುವ’ ಎಂಬ ಮಾತಿನ ಬಗ್ಗೆ ನನ್ನದೊಂದು ತಕರಾರು ಇದೆ. ನಮ್ಮ ಯೋಜನೆಗಳು ಹುಟ್ಟಿದ ದಿನಾಂಕ ಹಿಡಿದು ಎಣಿಸುತ್ತವೆ, ನೀವು ಹೋಗಬೇಕೆಂದಿರುವ ಯೂನಿಯನ್ನಿನವರು ಕೊನೆಯ ಪದವಿ ಪಡೆದು ಏಳು ವರ್ಷದೊಳಗಿದ್ದರೆ ಆರಂಭಿಕ ಹಂತದ ವಿಜ್ಞಾನಿ ಎನ್ನುತ್ತಾರೆ, ಮಗುವಿನ ಪಾಲನೆಗೆ ಬಿಡುವು ತೆಗೆದುಕೊಂಡವರಿಗೆ ಪ್ರತಿ ಮಗುವಿಗೆ ಒಂದು ವರ್ಷದವರೆಗೆ ಹೆಚ್ಚಿನ ಅವಕಾಶ ಕೊಡುತ್ತಾರೆ. ಮದುವೆ, ಬಾಣಂತನ, ಊರಿಂದೂರಿಗೆ ವರ್ಗ ಎಂದು ನಾಲ್ಕೈದು ವರ್ಷ ಕಳೆದು 35ಕ್ಕೆ ಪಿಎಚ್‌ಡಿ ಮುಗಿಸಿದ ಹೆಣ್ಣುಮಗಳೊಬ್ಬಳು ಅಲ್ಲಿ ಹೊಸಬಳು, ಇಲ್ಲಿ ಮರುವರ್ಷಕ್ಕೇ ಹಿರಿಯಳು. ನಿಮಗೆ ಸದ್ಯಕ್ಕೆ ಈ ತೊಂದರೆ ಇಲ್ಲ. ಆದರೂ ಅರ್ಹತೆಯ ಸಾಲನ್ನು ಪ್ರತಿ ಬಾರಿಯೂ ಹೊಸದಾಗಿ ಓದುವ ಅಭ್ಯಾಸ ಈಗಿನಿಂದಲೇ ಆಗಲಿ.

ಈಗ ನಿಮ್ಮ 1,71,000ದ ಪಟ್ಟಿಗೆ ಬರೋಣ. ಇಡೀ ಮೊತ್ತವನ್ನು ಒಬ್ಬರೇ ಕೊಡಲಿ ಎಂದು ಕಾಯುವವರು ಹೊರಡುವುದೇ ಇಲ್ಲ. ಬಾಬ್ತುಗಳನ್ನು ಬಿಡಿಸಿ ಒಂದೊಂದಕ್ಕೂ ಒಬ್ಬೊಬ್ಬರನ್ನು ಹುಡುಕಬೇಕು: ಶುಲ್ಕಗಳಿಗೆ ಸಮ್ಮೇಳನದವರು, ವಿಮಾನಕ್ಕೆ ಸರ್ಕಾರಿ ಅನುದಾನ, ವಸತಿ ಮತ್ತು ಊಟಕ್ಕೆ ಗೈಡ್ ಪ್ರಾಜೆಕ್ಟಿನ ಪ್ರಯಾಣದ ಬಾಬ್ತು ಅಥವಾ ಸಂಸ್ಥೆಯ ವಿದ್ಯಾರ್ಥಿ ಪ್ರಯಾಣ ನಿಧಿ, ಉಳಿದ ಚಿಲ್ಲರೆಗೆ ನಿಮ್ಮ ಕಂಟಿಂಜೆನ್ಸಿ, ಅಂದರೆ ಫೆಲೋಶಿಪ್ ಜೊತೆಗೆ ಇತರ ಖರ್ಚಿಗೆಂದು ಬರುವ ಹಣ. ನೀವು ಸಿಎಸ್‌ಐಆರ್ ಫೆಲೋ ಆಗಿದ್ದರೆ ಕಂಟಿಂಜೆನ್ಸಿ ವರ್ಷಕ್ಕೆ 20,000 ರೂಪಾಯಿ. ಪ್ರಧಾನಮಂತ್ರಿ ಸಂಶೋಧನಾ ಫೆಲೋಗಳಿಗೆ ವರ್ಷಕ್ಕೆ ಎರಡು ಲಕ್ಷದ ಸಂಶೋಧನಾ ಅನುದಾನವಿರುವುದರಿಂದ ಅವರ ಪಾಡು ಎಷ್ಟೋ ವಾಸಿ. ವಿದೇಶ ಸಮ್ಮೇಳನದ ಯಾವ ಖರ್ಚನ್ನು ಕಂಟಿಂಜೆನ್ಸಿಯಿಂದ ತೆಗೆಯಬಹುದು ಎಂಬುದನ್ನು ಲೆಕ್ಕಪತ್ರ ವಿಭಾಗದಿಂದ ಬರವಣಿಗೆಯಲ್ಲಿ ಪಡೆದುಕೊಳ್ಳಿ, ಬಾಯಿಮಾತಿನ ‘ಆಗುತ್ತೆ ಬಿಡಿ’ ಆಡಿಟ್ ಹೊತ್ತಿಗೆ ಯಾರ ನೆನಪಿನಲ್ಲೂ ಇರುವುದಿಲ್ಲ. ಎರಡು ಕಡೆ ಅರ್ಜಿ ಹಾಕುವುದರಲ್ಲಿ ತಪ್ಪಿಲ್ಲ, ಆದರೆ ಪ್ರತಿ ಅರ್ಜಿಯಲ್ಲೂ ಇನ್ನೊಂದನ್ನು ಕಾಣಿಸಿ, ಮತ್ತು ಒಂದೇ ಟಿಕೆಟ್ಟಿಗೆ ಎರಡು ಕಡೆ ಬಿಲ್ ಕೊಡುವ ಯೋಚನೆಯನ್ನು ಕನಸಿನಲ್ಲೂ ಮಾಡಬೇಡಿ. ಮೂಲ ಬಿಲ್ ಒಂದೇ ಕಡೆ ಹೋಗುತ್ತದೆ.

ಇನ್ನು ಅಪ್ಪನ ಸಾಲದ ಮಾತು. ಬಹುಪಾಲು ಅನುದಾನಗಳಲ್ಲಿ ಮಂಜೂರಾತಿ ಪತ್ರ ಮೊದಲು ಬರುತ್ತದೆ, ಹಣ ಬರುವುದು ನೀವು ಹೋಗಿ ಬಂದು ಬಿಲ್ಲುಗಳನ್ನೂ ಬಳಕೆ ಪ್ರಮಾಣಪತ್ರವನ್ನೂ ಸಲ್ಲಿಸಿದ ಮೇಲೆ. ಅಂದರೆ ಅನುದಾನ ಸಿಕ್ಕವರೂ ಮೂರ್ನಾಲ್ಕು ತಿಂಗಳು, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ, ಲಕ್ಷ ರೂಪಾಯಿಯನ್ನು ತಮ್ಮ ಕೈಯಿಂದ ಹಾಕಿಕೊಂಡಿರಬೇಕು. 2023ರ ಜನವರಿಯಿಂದ ಕಿರಿಯ ಸಂಶೋಧನಾ ಫೆಲೋಶಿಪ್ (ಜೆಆರ್‌ಎಫ್) ತಿಂಗಳಿಗೆ 37,000, ಹಿರಿಯದು (ಎಸ್‌ಆರ್‌ಎಫ್) 42,000. ಅದರಲ್ಲಿ ಪುಣೆಯ ಕೋಣೆ ಬಾಡಿಗೆ, ಮೆಸ್ಸು, ಮನೆಗೆ ಕಳುಹಿಸುವುದು ಎಲ್ಲ ಕಳೆದರೆ ಲಕ್ಷ ಉಳಿಸುವುದು ಯಾರಿಗೆ ಸಾಧ್ಯ? ಅನುಕೂಲಸ್ಥರ ಮಕ್ಕಳು ಹೋಗಿಬರುವುದೂ ಉಳಿದವರು ಮಂಜೂರಾತಿ ಪತ್ರ ಇದ್ದೂ ಹಿಂಜರಿಯುವುದೂ ಇಲ್ಲಿಯೇ. ಅದಕ್ಕೆ, ಮಂಜೂರಾತಿ ಪತ್ರವನ್ನು ಲಗತ್ತಿಸಿ ಸಂಸ್ಥೆಯಿಂದ ಮುಂಗಡ ಕೇಳಿ. ಟಿಕೆಟ್ಟನ್ನು ಸಂಸ್ಥೆಯೇ ನೇರವಾಗಿ ಕೊಂಡು ಬಿಲ್ಲನ್ನು ಅನುದಾನಕ್ಕೆ ಹೊಂದಿಸುವ ದಾರಿ ಇದೆಯೇ ಎಂದು ವಿಚಾರಿಸಿ. ಇವೆರಡೂ ಆಗದಿದ್ದಾಗ, ಮಂಜೂರಾತಿ ಪತ್ರ ಕೈಯಲ್ಲಿರುವಾಗ ಮಾತ್ರ, ತಂದೆಯವರ ಸೊಸೈಟಿ ಸಾಲವನ್ನು ಕೆಲವು ತಿಂಗಳ ಕೈಗಡದಂತೆ ಬಳಸಿಕೊಳ್ಳಬಹುದು. ಪತ್ರವಿಲ್ಲದೆ ಸಾಲ ಮಾಡಿ ಒಂದು ಪೋಸ್ಟರ್ ತೋರಿಸಿ ಬರುವುದನ್ನು ನಾನು ಒಪ್ಪುವುದಿಲ್ಲ. ಆ ಮಹಾಸಭೆಯಲ್ಲಿ ಆನ್‌ಲೈನ್ ಭಾಗವಹಿಸುವ ಅವಕಾಶವಿದೆ, ಭಾರತೀಯ ಹವಾಮಾನ ಸಂಘದ ವಾರ್ಷಿಕ ಟ್ರಾಪ್‌ಮೆಟ್ ವಿಚಾರ ಸಂಕಿರಣ ದೇಶದೊಳಗೇ ನಡೆಯುತ್ತದೆ. ಮಳೆಹನಿಯ ಕೆಲಸವನ್ನು ಕೇಳುವ ಕಿವಿಗಳು ಅಲ್ಲಿಯೂ ಇವೆ.

ಅರ್ಜಿಯ ಒಳಗೆ ಸಮಿತಿ ಏನು ಹುಡುಕುತ್ತದೆ ಎಂಬುದನ್ನು ತುಸು ವಿವರವಾಗಿಯೇ ಹೇಳುತ್ತೇನೆ. ‘ಈ ಸಮ್ಮೇಳನಕ್ಕೆ ಏಕೆ ಹೋಗಬೇಕು’ ಎಂಬ ಕಲಮಿಗೆ ಹತ್ತರಲ್ಲಿ ಎಂಟು ಜನ ಬರೆಯುವುದು ಹೀಗೆ: ‘ಜಗತ್ತಿನ ಶ್ರೇಷ್ಠ ವಿಜ್ಞಾನಿಗಳನ್ನು ಭೇಟಿಯಾಗುವ, ಇತ್ತೀಚಿನ ಬೆಳವಣಿಗೆಗಳನ್ನು ಅರಿಯುವ ಸದವಕಾಶ ನನಗೆ ಒದಗುತ್ತದೆ.’ ಈ ವಾಕ್ಯವನ್ನು ಒಂದೇ ಮಧ್ಯಾಹ್ನ ಮೂವತ್ತು ಸಲ ಓದಿದವರಿಗೆ ಚಹಾ ತರಿಸಬೇಕೆನಿಸುತ್ತದೆಯೇ ಹೊರತು ಹಣ ಕೊಡಬೇಕೆನಿಸುವುದಿಲ್ಲ. ಒಮ್ಮೆ ಗೋವಾದ ಹುಡುಗನೊಬ್ಬ, ಸಮುದ್ರದ ಕೆಸರಿನಲ್ಲಿರುವ ಸೂಕ್ಷ್ಮಜೀವಿಗಳ ಮೇಲೆ ಕೆಲಸ ಮಾಡುತ್ತಿದ್ದವನು, ಬರೆದದ್ದು ಬೇರೆ ರೀತಿ. ತನ್ನ ಮಾದರಿಗಳಲ್ಲಿ ಮೂರನ್ನು ತನ್ನ ಲ್ಯಾಬಿನ ವಿಧಾನದಿಂದ ಗುರುತಿಸಲಾಗುತ್ತಿಲ್ಲ, ಆ ವಿಧಾನವನ್ನು ರೂಪಿಸಿದ ತಂಡ ಇಂಥ ದಿನದ ಇಂಥ ಅಧಿವೇಶನದಲ್ಲಿ ಮಾತನಾಡಲಿದೆ, ಅವರಿಗೆ ಇಮೇಲ್ ಬರೆದಿದ್ದೇನೆ, ಪೋಸ್ಟರ್ ಬಳಿ ಅರ್ಧ ಗಂಟೆ ಕೂರಲು ಒಪ್ಪಿದ್ದಾರೆ, ಉತ್ತರದ ಪ್ರತಿ ಲಗತ್ತಿಸಿದೆ. ಇಷ್ಟೇ, ಆರು ಸಾಲು. ಅವನ ಅಂಕಪಟ್ಟಿ ಸಾಧಾರಣ, ಪ್ರಬಂಧ ಒಂದೂ ಇರಲಿಲ್ಲ. ಸಮಿತಿಯಲ್ಲಿ ಚರ್ಚೆಯೇ ನಡೆಯಲಿಲ್ಲ. ನಿಮ್ಮ ವಿಷಯದಲ್ಲೂ ಇದನ್ನು ಮಾಡಬಹುದು. ಘಟ್ಟದ ಗಾಳಿಮುಖದಲ್ಲಿ ಅಳೆದ ಹನಿಗಳ ಗಾತ್ರ ರೇಡಾರ್ ಲೆಕ್ಕಕ್ಕೆ ಎಲ್ಲಿ ಹೊಂದುವುದಿಲ್ಲವೋ ಅದನ್ನು ಒಂದು ವಾಕ್ಯದಲ್ಲಿ ಹೇಳಿ, ಹಿಂದಿನ ವರ್ಷದ ಕಾರ್ಯಕ್ರಮ ಪಟ್ಟಿ ತೆರೆದು ಅದೇ ತೊಡಕನ್ನು ಬೇರೆ ಬೆಟ್ಟಗಳಲ್ಲಿ ಎದುರಿಸಿದ ಇಬ್ಬರನ್ನು ಗುರುತಿಸಿ, ಅವರಿಗೆ ಈಗಲೇ ಬರೆಯಿರಿ. ಉತ್ತರ ಬಾರದಿದ್ದರೂ ಬರೆದದ್ದು ಅರ್ಜಿಯಲ್ಲಿ ಕಾಣುತ್ತದೆ.

ಗೈಡ್ ಶಿಫಾರಸು ಪತ್ರಕ್ಕೂ ಇದೇ ಮಾತು. ‘ಶ್ರಮಶೀಲೆ, ಪ್ರಾಮಾಣಿಕಳು’ ಎಂಬುದು ಸಂಬಂಧ ನೋಡಲು ಬಂದವರಿಗೆ ಹೇಳುವ ಮಾತು. ದತ್ತಾಂಶವನ್ನು ಸಂಗ್ರಹಿಸಿದ್ದು ಯಾರು, ವಿಶ್ಲೇಷಣೆ ಯಾರದು, ಪೋಸ್ಟರ್ ಮುಂದೆ ನಿಂತು ಪ್ರಶ್ನೆಗಳಿಗೆ ಉತ್ತರಿಸಬಲ್ಲವರು ಯಾರು ಎಂಬುದು ಪತ್ರದಲ್ಲಿ ಬರಲಿ. ಅವರಿಗೆ ಪುರುಸೊತ್ತಿರುವುದಿಲ್ಲ, ಅಂಶಗಳನ್ನು ನೀವೇ ಅರ್ಧ ಪುಟದಲ್ಲಿ ಬರೆದುಕೊಟ್ಟರೆ ಬೇಸರಪಡುವುದಿಲ್ಲ.

ಅನುದಾನದ ಜೊತೆಗೆ ಪ್ರಶಸ್ತಿಗಳನ್ನೂ ಮರೆಯಬೇಡಿ. ವಿಯೆನ್ನಾದಲ್ಲಿ ವಿದ್ಯಾರ್ಥಿಗಳ ಪೋಸ್ಟರುಗಳಿಗೆಂದೇ ಸ್ಪರ್ಧೆಯಿದೆ, ಗೆದ್ದವರಿಗೆ ಮರುವರ್ಷದ ನೋಂದಣಿ ಉಚಿತ. ಅದಕ್ಕೆ ಮುಂಚಿತವಾಗಿ ಹೆಸರು ಕೊಡಬೇಕು, ಹೆಸರು ಕೊಡದ ಒಳ್ಳೆಯ ಪೋಸ್ಟರನ್ನು ತೀರ್ಪುಗಾರರು ನೋಡಿ ಮೆಚ್ಚಿದರೂ ಅಂಕ ಕೊಡಲಾರರು. ಪೂರ್ತಿ ಖರ್ಚು ಕೊಟ್ಟು ಕರೆಸಿಕೊಳ್ಳುವ ವೇದಿಕೆಗಳೂ ಉಂಟು. 1951ರಿಂದ ಜರ್ಮನಿಯ ಲಿಂಡಾವಿನಲ್ಲಿ ನಡೆಯುತ್ತಿರುವ ನೊಬೆಲ್ ಪುರಸ್ಕೃತರ ಕೂಟಕ್ಕೆ ನಮ್ಮ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಯುವಕರನ್ನು ಆರಿಸಿ ಕಳುಹಿಸುತ್ತ ಬಂದಿದೆ. 1964ರಲ್ಲಿ ಭೌತವಿಜ್ಞಾನಿ ಅಬ್ದುಸ್ ಸಲಾಂ ಸ್ಥಾಪಿಸಿದ, ಇಟಲಿಯ ಟ್ರಿಯೆಸ್ಟ್‌ನ ಸೈದ್ಧಾಂತಿಕ ಭೌತವಿಜ್ಞಾನ ಕೇಂದ್ರ ತನ್ನ ಶಿಬಿರಗಳಿಗೆ ಅಭಿವೃದ್ಧಿಶೀಲ ದೇಶಗಳಿಂದ ಬರುವವರಿಗೆ ನೆರವಾಗುತ್ತದೆ, ಹವಾಮಾನ ವಿಜ್ಞಾನದ ಶಿಬಿರಗಳೂ ಅಲ್ಲಿ ನಡೆಯುತ್ತವೆ. ಮುಂಬೈಯ ಜೆ.ಎನ್. ಟಾಟಾ ದತ್ತಿಯ ಬಗ್ಗೆ ಹಲವರು ಕೇಳುತ್ತಾರೆ. 1892ರಷ್ಟು ಹಳೆಯ ಆ ದತ್ತಿಯ ಮುಖ್ಯ ಕೆಲಸ ವಿದೇಶದಲ್ಲಿ ಉನ್ನತ ವ್ಯಾಸಂಗಕ್ಕೆ ಹೊರಟವರಿಗೆ ಸಾಲರೂಪದ ವಿದ್ಯಾರ್ಥಿವೇತನ ಕೊಡುವುದು. ಆರು ದಿನದ ಸಮ್ಮೇಳನಕ್ಕೆ ಅಲ್ಲಿ ಬಾಗಿಲು ತಟ್ಟಿ ಸಮಯ ಕಳೆಯಬೇಡಿ.

ಬೇರೆ ಶಾಖೆಯ ಓದುಗರಿಗಾಗಿ ಎರಡು ಮಾತು: ಜೈವಿಕ ತಂತ್ರಜ್ಞಾನದವರು ಅದೇ ಹೆಸರಿನ ಕೇಂದ್ರ ಇಲಾಖೆಯ ಸಿಟಿಇಪಿ ಎಂಬ ನೆರವಿನ ಯೋಜನೆಯನ್ನು, ವೈದ್ಯಕೀಯ ಸಂಶೋಧಕರು ಐಸಿಎಂಆರ್ ನೆರವನ್ನು, ಗಣಿತದವರು ರಾಷ್ಟ್ರೀಯ ಉನ್ನತ ಗಣಿತ ಮಂಡಳಿಯನ್ನು, ಕಂಪ್ಯೂಟರ್ ವಿಜ್ಞಾನದವರು ಎಸಿಎಂ ಇಂಡಿಯಾ ಮತ್ತು ಐಎಆರ್‌ಸಿಎಸ್ ಎಂಬ ಸಂಘಗಳ ಜಂಟಿ ಅನುದಾನವನ್ನು, ಖಗೋಳದವರು ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ನೆರವನ್ನು ಮೊದಲು ನೋಡಬೇಕು.

ಒಂದು ಎಚ್ಚರಿಕೆ. ಪ್ರಬಂಧವೊಂದು ಪ್ರಕಟವಾದ ಕೂಡಲೇ ನಿಮ್ಮ ಇಮೇಲಿಗೆ ‘ಗೌರವಾನ್ವಿತ ಪ್ರೊಫೆಸರ್’ ಎಂದು ಸಂಬೋಧಿಸುವ ಆಹ್ವಾನಗಳು ಬರತೊಡಗಿರುತ್ತವೆ: ಭಾಷಣಕ್ಕೆ ಬನ್ನಿ, ಪ್ರಶಸ್ತಿಯೂ ಇದೆ, ನೋಂದಣಿಗೆ ಮಾತ್ರ ಇಷ್ಟು ಡಾಲರ್. ಹೈದರಾಬಾದಿನ ಓಮಿಕ್ಸ್ ಸಂಸ್ಥೆ ನಿಯತಕಾಲಿಕೆಗಳ ಮತ್ತು ಸಮ್ಮೇಳನಗಳ ಹೆಸರಿನಲ್ಲಿ ಸಂಶೋಧಕರನ್ನು ತಪ್ಪುದಾರಿಗೆಳೆದಿದೆ ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಹೂಡಿದ ದಾವೆಯಲ್ಲಿ 2019ರಲ್ಲಿ ಅಲ್ಲಿನ ನ್ಯಾಯಾಲಯ ಐದು ಕೋಟಿ ಡಾಲರಿಗೂ ಮಿಕ್ಕಿದ ಮೊತ್ತದ ತೀರ್ಪು ಕೊಟ್ಟಿತು. ನಿಜವಾದ ಪ್ರಯಾಣ ಅನುದಾನ ನಿಮ್ಮಿಂದ ಹಣ ಕೇಳುವುದಿಲ್ಲ.

ವೀಸಾದ ವಿಷಯದಲ್ಲಿ ಕನ್ನಡಿಗರಾದ ನಮಗೊಂದು ವಿಶೇಷ ತಾಪತ್ರಯವಿದೆ, ಅದು ಹೆಸರಿನದು. ಇನಿಷಿಯಲ್‌ಗಳನ್ನು ಹಿಂದೆಯೋ ಮುಂದೆಯೋ ಇಟ್ಟುಕೊಳ್ಳುವ ನಾವು ಸಾರಾಂಶದಲ್ಲಿ ಒಂದು ಬಗೆ, ಫೆಲೋಶಿಪ್ ಪತ್ರದಲ್ಲಿ ಇನ್ನೊಂದು ಬಗೆ, ಪಾಸ್‌ಪೋರ್ಟಿನಲ್ಲಿ ಮೂರನೆಯ ಬಗೆಯಲ್ಲಿ ಕಾಣಿಸಿಕೊಳ್ಳುತ್ತೇವೆ. ಪುಣೆಯ ಗುಮಾಸ್ತರು ಮಹಾರಾಷ್ಟ್ರದ ರೂಢಿಯಂತೆ ನಡುವೆ ತಂದೆಯ ಹೆಸರು ಸೇರಿಸಿ ನಾಲ್ಕನೆಯ ಬಗೆ ಮಾಡಿಕೊಡುತ್ತಾರೆ. ಸಮ್ಮೇಳನದ ಖಾತೆ ತೆರೆಯುವ ದಿನವೇ ಪಾಸ್‌ಪೋರ್ಟಿನ ಹೆಸರನ್ನು ಅಕ್ಷರಶಃ ನಮೂದಿಸಿ, ಆಹ್ವಾನ ಪತ್ರವೂ ಅದರಂತೆಯೇ ಬರುತ್ತದೆ. ಆಸ್ಟ್ರಿಯಾ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾಕ್ಕೆ ಪ್ರಯಾಣದ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು, ಕೊನೆಯೆಂದರೆ 15 ದಿನ ಮೊದಲು, ಮತ್ತು 30,000 ಯೂರೋಗೆ ಕಡಿಮೆಯಿಲ್ಲದ ವೈದ್ಯಕೀಯ ವಿಮೆ ಕಡ್ಡಾಯ. 2024ರ ಜೂನಿನಿಂದ ವಯಸ್ಕರಿಗೆ ಶುಲ್ಕ 90 ಯೂರೋ. ವೈಜ್ಞಾನಿಕ ಸಮ್ಮೇಳನಕ್ಕೆ ಹೋಗುವ ಸಂಶೋಧಕರಿಗೆ ಶುಲ್ಕ ವಿನಾಯಿತಿ ಕೊಡುವ ಕಲಮು ಆ ವೀಸಾ ಸಂಹಿತೆಯಲ್ಲಿದೆ. ಸಂಸ್ಥೆಯ ಪತ್ರದಲ್ಲಿ ನೀವು ಸಂಶೋಧಕಿ ಎಂದು ಸ್ಪಷ್ಟವಾಗಿ ಬರೆಸಿ, ಕೌಂಟರಿನಲ್ಲಿ ಕೇಳಿ. ಕೇಳದೆ ಯಾರೂ ಕೊಡುವುದಿಲ್ಲ.

ಟಿಕೆಟ್ ಕೊಳ್ಳುವ ಮೊದಲು ಹಣ ಕೊಡುವವರ ನಿಯಮ ಓದಿ. ಕೇಂದ್ರ ಸರ್ಕಾರದ ಖರ್ಚಿನಲ್ಲಿ ಹಾರುವ ನೌಕರರು ಬಾಮರ್ ಲಾರಿ, ಅಶೋಕ್ ಟ್ರಾವೆಲ್ಸ್, ಐಆರ್‌ಸಿಟಿಸಿ ಈ ಮೂರರಲ್ಲೇ ಟಿಕೆಟ್ ಕೊಳ್ಳಬೇಕೆಂದು 2022ರ ಆದೇಶವಿದೆ, ಅನೇಕ ಸಂಸ್ಥೆಗಳು ವಿದ್ಯಾರ್ಥಿಗಳ ಬಿಲ್ಲಿಗೂ ಅದನ್ನೇ ಅನ್ವಯಿಸುತ್ತವೆ. ಐದು ಸಾವಿರ ಉಳಿಯುತ್ತದೆಂದು ಮೊಬೈಲಿನ ಯಾವುದೋ ಆ್ಯಪ್‌ನಲ್ಲಿ ಕೊಂಡು, ಇಡೀ 72,000ವನ್ನೇ ಕಳೆದುಕೊಳ್ಳುವ ಹಂತಕ್ಕೆ ಬಂದವರನ್ನು ಕಂಡಿದ್ದೇನೆ.

ಮರಳಿದ ಮೇಲಿನ ಕೆಲಸ ಇದಕ್ಕಿಂತ ಸಣ್ಣದಲ್ಲ. ನಾನು ಮೊದಲ ಸಲ ವಿದೇಶಕ್ಕೆ ಹೋಗಿಬಂದಾಗ ವಾಪಸ್ ಪ್ರಯಾಣದ ಬೋರ್ಡಿಂಗ್ ಪಾಸಿನ ತುಂಡು ಸಿಗಲಿಲ್ಲ. ಪಾಸ್‌ಪೋರ್ಟಿನಲ್ಲಿ ಮುಂಬೈಯ ಮುದ್ರೆ ಇದೆ, ನಾನೇ ನಿಮ್ಮೆದುರು ನಿಂತಿದ್ದೇನೆ, ಮರಳಿ ಬಂದಿದ್ದೇನೆ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು ಎಂದು ವಾದಿಸಿದೆ. ಲೆಕ್ಕಪತ್ರದ ಹಿರಿಯರು ಕನ್ನಡಕ ಸರಿಮಾಡಿಕೊಂಡು, ‘ನೀವು ಬಂದಿದ್ದೀರಿ ಎಂಬುದು ಕಾಣುತ್ತದೆ, ಆ ವಿಮಾನದಲ್ಲೇ ಬಂದಿರಿ ಎಂಬುದು ಕಾಣುವುದಿಲ್ಲ’ ಎಂದರು. ನಾಲ್ಕು ತಿಂಗಳ ನಂತರ ಆ ತುಂಡು ಸಿಕ್ಕಿದ್ದು ಗ್ರಂಥಾಲಯದಲ್ಲಿ, ವಿಮಾನದಲ್ಲಿ ಓದುತ್ತ ಪುಟದ ಗುರುತಿಗೆಂದು ಇಟ್ಟು ಹಾಗೆಯೇ ಮರಳಿಸಿದ್ದ ಪುಸ್ತಕದೊಳಗೆ. ಅದು ದಪ್ಪ ರಟ್ಟಿನದಾಗಿದ್ದರಿಂದ ಅಕ್ಷರ ಹಾಗೆಯೇ ಇತ್ತು. ಈಗಿನವು ಥರ್ಮಲ್ ಕಾಗದದವು, ಪುಣೆಯ ಮೇ ತಿಂಗಳ ಸೆಕೆಯಲ್ಲಿ ಚೀಲದಲ್ಲೇ ಬೆಳ್ಳಗಾಗುತ್ತವೆ. ಮೊಬೈಲಿನಲ್ಲಿ ಬಂದವು ವಿಮಾನ ಇಳಿದ ಮೇಲೆ ಆ್ಯಪ್‌ನಿಂದ ಮಾಯವಾಗುವುದೂ ಉಂಟು. ಹತ್ತುವ ಮೊದಲೇ ಫೋಟೊ ತೆಗೆದಿಟ್ಟುಕೊಳ್ಳಿ, ಇಳಿದ ಮರುದಿನವೇ ಲ್ಯಾಬಿಗೆ ಹೋಗುವ ದಾರಿಯಲ್ಲಿ ಎರಡು ಝೆರಾಕ್ಸ್ ಮಾಡಿಸಿ.